ಮೂರು ಸಲ, ಆಮೇಲೆ ಒಂದು ಸಲ

ಮಾರ್ಚ್ ೪

ತರಲೆ,

ಅಪ್ಪನನ್ನು ನಿನ್ನ ಜೊತೆ ಬಸ್ಸು ಹತ್ತಿಸಿ ಇವತ್ತಿಗೆ ಹದಿನೆಂಟು ದಿನ. ಮೂರು ತಿಂಗಳು ನಾನು ಇಟ್ಟುಕೊಳ್ಳುತ್ತೇನೆ ಎಂದು ನೀನು ಹಟ ಹಿಡಿದಾಗ, ನನಗೂ ಸ್ವಲ್ಪ ಉಸಿರಾಡಲು ಬಿಡುವಾಗುತ್ತದೆ ಎಂದುಕೊಂಡಿದ್ದೆ. ಈಗ ನೋಡಿದರೆ ಮನೆಯೊಳಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೇನೆ. ಆಸ್ಪತ್ರೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ "ಅಪ್ಪಾ, ಬಂದೆ" ಎಂದು ಕೂಗುತ್ತೇನೆ. ಅವರಿದ್ದಾಗಲೂ ಅದು ಅವರಿಗೆ ಕೇಳಿಸುತ್ತಿರಲಿಲ್ಲ, ಬಿಡು. ಆದರೆ ಆಗ ಕೂಗಿದವಳು ಯಾರು ಎಂದು ನನಗೆ ಗೊತ್ತಿರುತ್ತಿತ್ತು.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನಿನ್ನ ದನಿ ನನ್ನ ದನಿಯೇ. ಎರಡು ಮಾತಾಡುವಷ್ಟರಲ್ಲಿ ನನ್ನ ಜೊತೆ ನಾನೇ ಜಗಳಕ್ಕೆ ಬಿದ್ದ ಹಾಗಾಗುತ್ತದೆ. ಕಾಗದದಲ್ಲಾದರೆ ನಿನ್ನ ಕೋಳಿ ಕೆದಕಿದಂಥ ಅಕ್ಷರ ಕಂಡ ಕೂಡಲೇ ಇದು ನೀನು, ಇದು ನಾನು ಎಂದು ಸಮಾಧಾನವಾಗುತ್ತದೆ.

ಇನ್ನು ಅಪ್ಪನ ವಿಷಯ. ಊರವರ ಕಿವಿಯನ್ನೆಲ್ಲ ಪರೀಕ್ಷೆ ಮಾಡುವವಳ ಅಪ್ಪ ತಾನು ಮಾತ್ರ ಕಿವಿಗೆ ಮೆಷಿನ್ ಹಾಕಿಕೊಳ್ಳುವುದಿಲ್ಲ. ಬಲವಂತ ಮಾಡಬೇಡ, ನಾನು ಮಾಡಿ ಸೋತಿದ್ದೇನೆ. ಆದರೆ ಸ್ನಾನಕ್ಕೆ ಹೋದಾಗ ಚಿಲಕ ಹಾಕಿಕೊಳ್ಳಲು ಬಿಡಬೇಡ. ಬಾಗಿಲ ಸಂದಿಯಲ್ಲಿ ಒಂದು ಚಪ್ಪಲಿ ಇಟ್ಟುಬಿಡು. ನಾನು ಯಾವಾಗಲೂ ಇಡುತ್ತೇನೆ. ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ.

ಇವತ್ತು ಕೆಲಸದಲ್ಲಿ ಒಂದು ನಡೆಯಿತು. ನಮ್ಮ ವಿಭಾಗದಲ್ಲಿ ಹೊರಗಿನ ಸದ್ದು ಬಾರದ ಪುಟ್ಟ ಕೋಣೆಯೊಂದಿದೆ, ನಾವು ಅದನ್ನು ಗೂಡು ಅನ್ನುತ್ತೇವೆ. ಬಂದವರನ್ನು ಅದರೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು, ಸದ್ದು ಕೇಳಿಸಿದಾಗ ಒತ್ತಿ ಎಂದು ಹೇಳಿ ಬಾಗಿಲು ಹಾಕುತ್ತೇನೆ. ಅವರು ಒತ್ತಿದರೆ ನನ್ನ ಮೇಜಿನ ಮೇಲೆ ದೀಪ ಹತ್ತುತ್ತದೆ. ನಡುನಡುವೆ ನಾನು ಬೇಕೆಂದೇ ಯಾವ ಸದ್ದೂ ಹಾಕದೆ ಸುಮ್ಮನೆ ಕೂರುತ್ತೇನೆ. ಇವತ್ತು ನಿವೃತ್ತ ಮೇಷ್ಟ್ರೊಬ್ಬರು ಆ ಮೌನದಲ್ಲಿ ಹನ್ನೊಂದು ಸಲ ಒತ್ತಿದರು. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. "ಕೇಳಿಸ್ತಮ್ಮ. ನಿನ್ನ ಹತ್ರ ಸುಳ್ಳು ಹೇಳಿ ನನಗೇನಾಗಬೇಕು?" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಸದ್ದು ಇರಲಿಲ್ಲ, ಕೇಳಿದವರು ಇದ್ದರು. ಮಧ್ಯಾಹ್ನದಿಂದ ಇದೊಂದೇ ತಲೆ ತಿನ್ನುತ್ತಿದೆ.

ಅಪ್ಪನಿಗೆ ಉಗುರು ಕತ್ತರಿಸುವಾಗ ಎಡಗೈ ಜೋಪಾನ.

ಹನ್ನೊಂದು ನಿಮಿಷ ಮೊದಲು ಹುಟ್ಟಿದ್ದಕ್ಕೇ ದೊಡ್ಡವಳಾದ,
ನಿನ್ನ ಅಕ್ಕ


ಮಾರ್ಚ್ ೧೫

ಅಕ್ಕ,

ಅಪ್ಪ ಚೆನ್ನಾಗಿದ್ದಾರೆ. ಬೆಳಿಗ್ಗೆ ನನ್ನ ಜೊತೆ ಸ್ಟುಡಿಯೋಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂರುತ್ತಾರೆ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆ ನಾನು "ನಗಬೇಡಿ, ಹಲ್ಲು ಕಾಣಬಾರದು" ಎಂದು ಹೇಳುವುದೇ ತಡ, ಹಿಂದಿನಿಂದ ಇವರು ಮುಖ ಸೊಟ್ಟ ಮಾಡಿ ನಗಿಸುತ್ತಾರೆ. ನಿನ್ನೆ ಒಬ್ಬ ಲಾಯರಿನ ಫೋಟೋ ನಾಲ್ಕು ಸಲ ತೆಗೆಯಬೇಕಾಯಿತು.

ಮೊನ್ನೆ ಅವರ ಗುರುತಿನ ಚೀಟಿ ಹೊಸದು ಮಾಡಿಸಲು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಬೆರಳಚ್ಚು ತೆಗೆಯುವ ಯಂತ್ರ ಅವರ ಒಂದು ಬೆರಳನ್ನೂ ಒಪ್ಪಲಿಲ್ಲ. ಬಲಗೈಯ ಬೆರಳುಗಳು ಫ್ಯಾಕ್ಟರಿಯಲ್ಲಿ ಐಸ್ ಎತ್ತಿ ಎತ್ತಿ ನುಣ್ಣಗಾಗಿವೆ. ಎಡಗೈಯಲ್ಲಂತೂ ಎರಡು ಬೆರಳು ಅರ್ಧಕ್ಕೇ ನಿಂತಿವೆಯಲ್ಲ. ಗುಮಾಸ್ತ ಒರೆಸಿ ಒರೆಸಿ ಒತ್ತಿಸಿದ. ಪ್ರತಿ ಸಲವೂ ಕೆಂಪು ದೀಪ. ಕೊನೆಗೆ ಅಪ್ಪ ನಗುತ್ತಾ "ಬಿಡಿ ಸಾರ್, ಇವನು ಇಲ್ಲ ಅಂತ ಬರ್ಕೊಳ್ಳಿ" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ಅಲ್ಲಿ ನಿಂತಿರಲು ಆಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಅಕ್ಕ, ಮೂವತ್ತಾರು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಡುತ್ತೇನೆ. ನಿನಗೆ ಗೊತ್ತಿರುವುದನ್ನೇ ಮೊದಲಿಂದ ಬರೆಯುತ್ತೇನೆ, ಹಾಗೆ ಬರೆಯದಿದ್ದರೆ ಧೈರ್ಯ ಬರುವುದಿಲ್ಲ.

ನಮಗೆ ಒಂಬತ್ತು ವರ್ಷ. ಭಾನುವಾರ ಸಮುದ್ರ ತೋರಿಸುತ್ತೇನೆ ಎಂದಿದ್ದ ಅಪ್ಪ ಅವತ್ತೂ ಐಸ್ ಫ್ಯಾಕ್ಟರಿಗೆ ಹೋದರು. ಅಮ್ಮ ಊಟದ ಡಬ್ಬಿ ಕೊಟ್ಟು ನಮ್ಮನ್ನು ಕಳಿಸಿದಳು. ಅಪ್ಪ "ಇಲ್ಲೇ ಕೂತಿರಿ" ಎಂದು ಹೇಳಿ ಐಸ್ ಇಡುವ ತಣ್ಣನೆ ಕೋಣೆಯೊಳಗೆ ಹೋದರು. ದಪ್ಪ ಬಾಗಿಲು ಮುಚ್ಚಿಕೊಂಡಿತು. ನಾವಿಬ್ಬರೂ ಮುಖ ಊದಿಸಿಕೊಂಡು ಮೌನದ ಪಂದ್ಯ ಕಟ್ಟಿದೆವು. ಮೊದಲು ಬಾಯಿ ಬಿಟ್ಟವಳು ಸೋತಳು, ಕೂತ ಜಾಗದಿಂದ ಎದ್ದವಳೂ ಸೋತಳು. ಆಮೇಲೆ ಒಳಗಿನಿಂದ ಬಾಗಿಲು ಬಡಿದ ಸದ್ದು ಬಂತು. ಮೂರು ಸಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ. ನಾನು ನಿನ್ನನ್ನು ನೋಡಿದೆ. ನೀನು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದೆ, ನಿನಗೆ ಕೇಳಿಸಿರಲಿಲ್ಲ. ನಾನು ಗುಂಡಿ ಕಿತ್ತುಹೋದ ಸ್ವೆಟರಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸುಮ್ಮನೆ ಕೂತೆ. ನಿನ್ನ ಮುಂದೆ ಸೋಲಬಾರದು ಎಂದು. ಎರಡು ಗಂಟೆ ಕಳೆದ ಮೇಲೆ ಲಾರಿಯವನು ಬಂದು ಬಾಗಿಲು ತೆಗೆದ.

ಕೇಳಿಯೂ ಏಳದಿದ್ದವಳು ನಾನು. ಅಪ್ಪನ ಬೆರಳು ತೆಗೆದವಳು ನಾನು.

ಇದನ್ನು ಓದಿ ನೀನು ನನ್ನನ್ನು ಬೈದರೆ ನನಗೆ ನೆಮ್ಮದಿಯಾಗುತ್ತದೆ.

ನಿನ್ನ ತರಲೆ


ಮಾರ್ಚ್ ೧೯

ನಿನ್ನ ಕಾಗದ ಬಂತು. ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಲೆಯ ಮೇಲಿಟ್ಟ ಚಹಾ ಸೀದು ತಳ ಹಿಡಿದುಹೋಯಿತು.

ಅದು ನಿನ್ನದಲ್ಲ. ನನ್ನದು.

ಬಡಿದದ್ದು ಕೇಳಿದವಳು ನಾನು. ಮೂರು ಸಲ, ಆಮೇಲೆ ಒಂದು ಸಲ. ಕಣ್ಣು ಮುಚ್ಚಿ ಒರಗಿರಲಿಲ್ಲ ನಾನು. ಕಣ್ಣು ಬಿಟ್ಟುಕೊಂಡು ನಿನ್ನನ್ನೇ ನೋಡುತ್ತಿದ್ದೆ. ನೀನು ತಲೆ ಬಗ್ಗಿಸಿ ಸೋಡಾ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿದ್ದೆ, ನಿನಗೆ ಪ್ರಪಂಚದ ಪರಿವೆಯೇ ಇರಲಿಲ್ಲ. ಗುಂಡಿ ಕಿತ್ತ ಸ್ವೆಟರ್ ನನ್ನ ಮೈಮೇಲಿತ್ತು. ಆ ದಾರ ಸುತ್ತಿ ಸುತ್ತಿ ನನ್ನ ತೋರುಬೆರಳಿನ ತುದಿ ನೀಲಿಯಾಗಿತ್ತು. ಆ ನೀಲಿ ನನಗೆ ಈಗಲೂ ಕಾಣುತ್ತದೆ.

ನೀನು ಎಲ್ಲಿಂದ ಎತ್ತಿಕೊಂಡೆ ಇದನ್ನು? ನಾನು ಯಾವತ್ತೂ ಯಾರಿಗೂ ಹೇಳಿಲ್ಲ. ನಿದ್ದೆಯಲ್ಲಿ ಬಡಬಡಿಸಿದ್ದೆನೋ ಏನೋ, ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವಲ್ಲ.

ಚಿಕ್ಕಂದಿನಿಂದ ನನ್ನ ಪೆನ್ಸಿಲು, ನನ್ನ ರಿಬ್ಬನ್ನು, ಎಲ್ಲಕ್ಕೂ ಕೈ ಹಾಕುತ್ತಿದ್ದೆ. ಹೋಗಲಿ ಎಂದು ಬಿಟ್ಟೆ. ಇದನ್ನು ಬಿಡುವುದಿಲ್ಲ.

ಅಕ್ಕ


ಏಪ್ರಿಲ್ ೬

ಅಕ್ಕ,

ಎರಡು ಸಲ ಬರೆದು ಹರಿದು ಹಾಕಿದೆ. ನಾನು ಏನನ್ನೂ ಕದ್ದಿಲ್ಲ. ಯಾರಾದರೂ ತಪ್ಪನ್ನು ಕದಿಯುತ್ತಾರೆಯೇ?

ಒಂದೇ ಒಂದು ವಿಷಯ ಯೋಚಿಸು. ಆ ಸ್ವೆಟರ್ ಇದ್ದದ್ದು ಒಂದೇ. ಗುಂಡಿ ಕಿತ್ತದ್ದೂ ಒಂದೇ ಕಡೆ. ದಾರ ಸುತ್ತಿದ ಬೆರಳು ನಿನಗೂ ನೆನಪಿದೆ, ನನಗೂ ನೆನಪಿದೆ. ನನ್ನ ಬೆರಳಿನ ತುದಿಯೂ ನೀಲಿಯಾಗಿತ್ತು ಅಕ್ಕ. ನೀನು ಬರೆಯುವ ಮೊದಲೇ ನನಗೆ ಅದು ಗೊತ್ತಿತ್ತು, ನಾನು ಬರೆದಿರಲಿಲ್ಲ ಅಷ್ಟೆ.

ನೀನು ನನ್ನ ಬಗ್ಗೆ ಏನೆಂದುಕೊಂಡಿದ್ದೀಯ ಎಂದು ನನಗೆ ಗೊತ್ತು. ಇಪ್ಪತ್ತೆರಡಕ್ಕೇ ಮದುವೆ ಮಾಡಿಕೊಂಡು, ಅಪ್ಪ ಅಮ್ಮನ ಭಾರವೆಲ್ಲ ನಿನ್ನ ತಲೆಗೆ ಕಟ್ಟಿ ಜಾಗ ಖಾಲಿ ಮಾಡಿದವಳು ಎಂದು. ನಿಜ, ಓಡಿಹೋದೆ. ಅಪ್ಪ ಎಡಗೈಯಲ್ಲಿ ಲೋಟ ಎತ್ತಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಅಮ್ಮನ ಕಡೆಯ ದಿನಗಳಲ್ಲಿ ಕೂಡ ಹೆಚ್ಚು ದಿನ ನಿಲ್ಲಲಾಗದೆ ಬಸ್ಸು ಹತ್ತಿದೆ. ಆ ಮನೆಯಿಂದ ದೂರವಿದ್ದರೆ ಮಾತ್ರ ನಾನು ಬೇರೆ ಯಾರೋ ಆಗಬಲ್ಲೆ ಎಂದುಕೊಂಡಿದ್ದೆ. ಆಗಲಿಲ್ಲ.

ಅಪ್ಪನನ್ನೇ ಕೇಳಿಬಿಡೋಣವೇ?

ತರಲೆ


ಏಪ್ರಿಲ್ ೧೦

ಅಪ್ಪನನ್ನು ಕೇಳಬೇಡ. ನಿನ್ನ ಕಾಲಿಗೆ ಬೀಳುತ್ತೇನೆ, ಕೇಳಬೇಡ.

ಸಿಟ್ಟು ಇಳಿದಿದೆ. ಅದರ ಬದಲಿಗೆ ಬಂದಿರುವುದು ಸಿಟ್ಟಿಗಿಂತ ಕೆಟ್ಟದ್ದು. ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ರಜೆ ಹಾಕಿ ಮನೆಯಲ್ಲಿದ್ದೆ. ಒಂದೊಂದೇ ಸಾಮಾನು ಕೈಗೆತ್ತಿಕೊಂಡು ಇದನ್ನು ಯಾಕೆ ತಂದೆ ಎಂದು ಕೇಳಿಕೊಂಡೆ. ಕೈ ಇರುವ ಕುರ್ಚಿ ಅಪ್ಪನಿಗೆ ಎದ್ದೇಳಲು. ಹಿಡಿ ದಪ್ಪಗಿರುವ ಚಮಚ ಅಪ್ಪನ ಎಡಗೈಗೆ. ಪರದೆ, ದೀಪ, ಕಾಲೊರಸು, ಎಲ್ಲಕ್ಕೂ ಅದೇ ಉತ್ತರ. ಕಡೆಗೆ ನೀಲಿ ಬಣ್ಣದ ಚಹಾ ಕಪ್ ಸಿಕ್ಕಿತು, ಇದೊಂದನ್ನಾದರೂ ನನಗೆಂದು ತಂದೆನಲ್ಲ ಎಂದು ಖುಷಿಪಟ್ಟೆ. ಆಮೇಲೆ ನೆನಪಾಯಿತು, ಅದು ನೀನು ಕೊಟ್ಟದ್ದು.

ನಮ್ಮ ಆಸ್ಪತ್ರೆಯ ಔಷಧಿ ಅಂಗಡಿಯವರು ಒಂದು ಕಾಲದಲ್ಲಿ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದರು. ನಿನಗೆ ಹೇಳಿರಲಿಲ್ಲ. ಒಳ್ಳೆಯ ಮನುಷ್ಯ, ನನಗೂ ಇಷ್ಟವಿತ್ತು. ಅಪ್ಪನನ್ನು ಬಿಟ್ಟು ಬರುವುದಿಲ್ಲ ಎಂದೆ. ಅಪ್ಪನೂ ನಮ್ಮ ಜೊತೆಗಿರಲಿ ಎಂದರು. ಅದಕ್ಕೂ ಬೇಡವೆಂದೆ. ಆ ಮನೆಯಲ್ಲಿ ಸುಖವಾಗಿರುವ ಹಕ್ಕು ನನಗಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಈಗ ಅವರಿಗೆ ಎರಡು ಮಕ್ಕಳು. ಎದುರು ಸಿಕ್ಕರೆ "ಅಪ್ಪ ಹೇಗಿದ್ದಾರೆ?" ಎಂದೇ ಕೇಳುತ್ತಾರೆ.

ನಾನು ಕಿವಿಯ ಕೆಲಸಕ್ಕೆ ಸೇರಿದ್ದು ಅವತ್ತಿನ ಸದ್ದಿನಿಂದ. ಒಂಟಿಯಾಗಿ ಉಳಿದದ್ದು ಅದರಿಂದ. ಇದು ನಾನು ಎಂದು ತೋರಿಸಲು ನನ್ನ ಹತ್ತಿರ ಇದ್ದದ್ದು ಅದೊಂದೇ ಗಳಿಗೆ. ಆ ಗಳಿಗೆಯಲ್ಲಿ ಇದ್ದವಳು ನಾನಲ್ಲ, ನೀನು ಎಂದಾದರೆ ಮೂವತ್ತಾರು ವರ್ಷ ಇಲ್ಲಿ ಬದುಕಿದವಳು ಯಾರು? ನನ್ನ ನೆನಪು ಎನ್ನುತ್ತೇವೆ, ಪೆಟ್ಟಿಗೆಯಲ್ಲಿಟ್ಟ ಒಡವೆಯ ಹಾಗೆ. ಪೆಟ್ಟಿಗೆ ತೆಗೆದು ನೋಡಿದರೆ ಒಡವೆ ಇದೆ. ಅದನ್ನು ಇಟ್ಟವಳು ಎಲ್ಲಿ ಎಂದು ಹುಡುಕಿದರೆ ಯಾರೂ ಇಲ್ಲ. ಕನ್ನಡಿ ನೋಡಿದರೆ ನೀನು ಕಾಣುತ್ತೀಯ. ಇದನ್ನು ತಮಾಷೆಗೆ ಬರೆಯುತ್ತಿಲ್ಲ.

ಸ್ವಲ್ಪ ದಿನ ಬರೆಯಬೇಡ. ಅಪ್ಪನ ಕಣ್ಣಿಗೆ ಈ ಕಾಗದಗಳು ಬೀಳದಿರಲಿ.

ಅಕ್ಕ, ಅಥವಾ ಏನೋ ಒಂದು


ಮೇ ೨

ದೊಡ್ಡವಳಿಗೂ ಚಿಕ್ಕವಳಿಗೂ,

ಒಂದೇ ಕಾಗದವನ್ನು ಎರಡು ಪ್ರತಿ ಬರೆಯುತ್ತಿದ್ದೇನೆ. ಚಿಕ್ಕವಳದನ್ನು ಅವಳ ದಿಂಬಿನ ಕೆಳಗೆ ಇಡುತ್ತೇನೆ, ದೊಡ್ಡವಳದನ್ನು ನಾನೇ ನಡೆದು ಹೋಗಿ ಅಂಚೆ ಡಬ್ಬಿಗೆ ಹಾಕುತ್ತೇನೆ.

ಕನ್ನಡಕ ಹುಡುಕುತ್ತಿದ್ದೆ. ಸ್ಟುಡಿಯೋದಲ್ಲಿ ಫೋಟೋ ಕಾಗದದ ಡಬ್ಬಿ ತೆಗೆದೆ. ಕನ್ನಡಕ ಇರಲಿಲ್ಲ, ದೊಡ್ಡವಳು ಬರೆದ ಪತ್ರಗಳಿದ್ದವು. ಬೇರೆಯವರ ಪತ್ರ ಓದಬಾರದು ಎಂದು ನಿಮಗೆ ಹೇಳಿಕೊಟ್ಟವನೇ ಕಣ್ಣು ಕಿರಿದು ಮಾಡಿಕೊಂಡು ಎಲ್ಲವನ್ನೂ ಓದಿದೆ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ನಾನು ಬಾಗಿಲು ಬಡಿಯಲಿಲ್ಲ. ಒಂದು ಸಲವೂ ಬಡಿಯಲಿಲ್ಲ.

ಒಳಗಿನ ಹಿಡಿ ಕೆಟ್ಟಿತ್ತು ಎಂದು ಎಲ್ಲರಿಗೂ ಹೇಳಿದೆ. ಮಾಲೀಕರು ಮಾರನೇ ದಿನವೇ ಹೊಸದು ಹಾಕಿಸಿದರು. ಹಳೆಯದು ಸರಿಯಾಗಿಯೇ ಇತ್ತು. ಒತ್ತಿದ್ದರೆ ಬಾಗಿಲು ತೆರೆಯುತ್ತಿತ್ತು. ನಾನು ಒತ್ತಲಿಲ್ಲ.

ಸಾಯಬೇಕೆಂದಲ್ಲ. ಹೆದರಬೇಡಿ. ಅವತ್ತು ಬೆಳಿಗ್ಗೆಯಿಂದ ಎಲ್ಲರೂ ಕರೆದಿದ್ದರು. ಮಾಲೀಕರು ಕರೆದರು, ಲಾರಿಯವನು ಕರೆದ, ನಿಮ್ಮಮ್ಮ ಕರೆದಳು, ನೀವು ಅಪ್ಪಾ ಎಂದು ಕರೆದಿರಿ. ಕರೆದಾಗಲೆಲ್ಲ ಓಗೊಟ್ಟೆ. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ ಮೇಲೆ, ಯಾರೂ ಕರೆಯದಿದ್ದರೆ ನಾನು ಏನಾಗಿರುತ್ತೇನೆ, ಐದು ನಿಮಿಷ ನೋಡೋಣ ಅನ್ನಿಸಿತು. ಐಸ್ ಮೇಲೆ ಗೋಣಿಚೀಲ ಹಾಕಿಕೊಂಡು, ಎಡಗೈಯನ್ನು ಪಕ್ಕದ ಕಬ್ಬಿಣದ ಕೊಳವೆಯ ಮೇಲಿಟ್ಟು ಕೂತೆ. ಮೊದಮೊದಲು ಚಳಿಯಾಗುತ್ತಿದೆ ಎನ್ನುವವನು ಒಬ್ಬ ಇದ್ದ. ಆಮೇಲೆ ಅವನೂ ಹೋದ. ನಿಜ ಹೇಳುತ್ತೇನೆ, ಹಿತವಾಗಿತ್ತು. ಕಣ್ಣು ಎಳೆಯಿತು. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ, ನೀವಿಬ್ಬರೂ ಮಂಚದ ಕಾಲ ಹತ್ತಿರ ನಿಂತಿದ್ದಿರಿ. ಹೆಂಡತಿ ಮಕ್ಕಳಿದ್ದವನು ಯಾರೂ ಆಗಿರದೆ ಕೂತು ಸುಖಪಟ್ಟೆ ಎಂದು ಯಾವ ಬಾಯಿಂದ ಹೇಳಲಿ? ನಾಚಿಕೆಯಾಗಿ ತಪ್ಪನ್ನು ಹಿಡಿಯ ಮೇಲೆ ಹಾಕಿದೆ.

ಐಸ್ ಬಿರಿದರೆ ಸದ್ದಾಗುತ್ತದೆ. ನಿಮಗೆ ಕೇಳಿಸಿದ್ದು ಅದಿರಬಹುದು, ಇಲ್ಲದೆಯೂ ಇರಬಹುದು. ಸ್ವೆಟರ್ ಯಾರ ಮೈಮೇಲಿತ್ತು ಎಂದು ನನಗೂ ಗೊತ್ತಿಲ್ಲ. ನಿಮ್ಮಮ್ಮ ಬೆಳಿಗ್ಗೆ ಒಬ್ಬಳಿಗೆ ಹಾಕಿ, ಮಧ್ಯಾಹ್ನ ಬಿಚ್ಚಿ ಇನ್ನೊಬ್ಬಳಿಗೆ ಹಾಕುತ್ತಿದ್ದಳು.

ದೊಡ್ಡವಳೇ, ಕಿವಿಗೆ ಮೆಷಿನ್ ಯಾಕೆ ಬೇಡವೆನ್ನುತ್ತಿದ್ದೆ ಎಂದು ಈಗ ನಿನಗೆ ತಿಳಿದಿರಬೇಕು. ಆ ಹಿತ ಸ್ವಲ್ಪವಾದರೂ ಸಿಗುತ್ತಿದ್ದದ್ದು ಹಾಗೆ. ಇನ್ನೊಂದು, ಆ ಬಚ್ಚಲುಮನೆ. ಅಲ್ಲೂ ನಿನ್ನ ಚಪ್ಪಲಿ.

ನಿಮ್ಮ ಇಷ್ಟು ವರ್ಷ ನನ್ನ ಒಂದು ಸುಳ್ಳಿಗೆ ಹೋಯಿತು. ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ.

ಅಪ್ಪ


ಮೇ ೨೦

ಅಕ್ಕ,

ಅಪ್ಪನನ್ನು ವಾಪಸು ಕಳಿಸಬೇಕಾದ ದಿನ ದಾಟಿತು. ನೀನು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ, ಕೆಲಸಕ್ಕೆ ಬರುತ್ತಿದ್ದೀಯ ಎಂದರು. ಅಷ್ಟು ತಿಳಿದರೆ ಸಾಕೆಂದು ಇಟ್ಟುಬಿಟ್ಟೆ.

ನನಗೆ ಒಂದು ವಾರ ಹಗುರಾಗಿತ್ತು. ಬಂದವರ ಫೋಟೋ ತೆಗೆಯುವಾಗ ಹಾಡು ಗುನುಗುತ್ತಿದ್ದೆ. ಆಮೇಲೆ ಏನೋ ಕಳಕೊಂಡ ಹಾಗಾಯಿತು. ಹೋಗಲಿ ಬಿಡು, ನನ್ನದು ಇದ್ದದ್ದೇ.

ಅಪ್ಪ ತಾವಾಗಿಯೇ ಪೆಟ್ಟಿಗೆಯಿಂದ ಕಿವಿಯ ಮೆಷಿನ್ ತೆಗೆದು ಹಾಕಿಕೊಂಡಿದ್ದಾರೆ. ನಾನೇನೂ ಹೇಳಿಲ್ಲ. ಬೆಳಿಗ್ಗೆ ಹತ್ತಕ್ಕೆಲ್ಲ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅಂಚೆಯವನ ಸೈಕಲ್ ತಿರುವಿನಲ್ಲಿ ಇರುವಾಗಲೇ ಅವರಿಗೆ ಗೊತ್ತಾಗುತ್ತದೆ. ಅವನು ನಮ್ಮ ಮನೆ ದಾಟಿ ಮುಂದೆ ಹೋದ ಮೇಲೆ "ನಾಳೆ ಬರಬಹುದು" ಎನ್ನುತ್ತಾರೆ.

ಬೈದಾದರೂ ನಾಲ್ಕು ಸಾಲು ಬರೆ.

ತರಲೆ


ಜೂನ್ ೮

ತರಲೆ,

ಅಪ್ಪನ ಕಾಗದ ಓದಿ ಮೊದಲು ಸಿಟ್ಟು ಬಂತು. ಎಂಥಾ ಸಿಟ್ಟು ಎಂದರೆ, ಆ ಕೈ ಇರುವ ಕುರ್ಚಿಯನ್ನು ಎತ್ತಿ ಹಿತ್ತಿಲಿಗೆ ಹಾಕಿದೆ. ಅವರು ಯಾವುದರಿಂದ ಐದು ನಿಮಿಷ ತಪ್ಪಿಸಿಕೊಳ್ಳಲು ಹೋಗಿದ್ದರೋ, ನಾನು ಅದನ್ನೇ ಅವರ ಸುತ್ತ ಮೂವತ್ತಾರು ವರ್ಷ ಕಟ್ಟಿದ್ದೇನೆ. ದಿನಕ್ಕೆ ಹತ್ತು ಸಲ ಅಪ್ಪಾ ಎಂದು ಕರೆದಿದ್ದೇನೆ. ಸಂಜೆ ಮಳೆ ಬಂತು, ಹೋಗಿ ಕುರ್ಚಿ ಒಳಗೆ ತಂದು ಒರೆಸಿದೆ. ಒರೆಸುತ್ತಾ ಬಹಳ ಅತ್ತೆ.

ನಿನ್ನೆಯದನ್ನು ಹೇಳಬೇಕು. ತಿಂಗಳಿಗೊಮ್ಮೆ ನಮ್ಮ ಯಂತ್ರ ಸರಿಯಿದೆಯೇ ಎಂದು ನೋಡಲು, ಕಿವಿ ಚೆನ್ನಾಗಿರುವ ಯಾರಾದರೂ ಗೂಡಿನೊಳಗೆ ಕೂರಬೇಕು. ಇಷ್ಟು ವರ್ಷ ನರ್ಸಮ್ಮನನ್ನೇ ಕೂರಿಸುತ್ತಿದ್ದೆ. ಬಾಗಿಲು ಹಾಕಿಕೊಂಡು ಒಳಗೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ, ಯಾಕೆ ಎಂದು ಅವರೂ ಕೇಳಿರಲಿಲ್ಲ. ನಿನ್ನೆ ನಾನೇ ಕೂರುತ್ತೇನೆ ಎಂದೆ. ಅವರು ಹುಬ್ಬೇರಿಸಿದರು, ನನ್ನ ಕೈಗೆ ಗುಂಡಿ ಕೊಟ್ಟು ಬಾಗಿಲು ಹಾಕಿದರು.

ಎಂಥಾ ಮೌನ ಗೊತ್ತೇ. ಮೊದಲು ನನ್ನ ಉಸಿರು ಕೇಳಿಸಿತು, ಆಮೇಲೆ ಎದೆಬಡಿತ, ಆಮೇಲೆ ಅದನ್ನೂ ಕೇಳಿಸಿಕೊಳ್ಳುವುದು ಮರೆತುಹೋಯಿತು. ಅಪ್ಪ ಹೇಳಿದ ಆ ಹಿತ ಇರಬೇಕು, ಅಂಚಿನವರೆಗೆ ಬಂತು. ಅಕ್ಕ ಇಲ್ಲ, ಮಗಳು ಇಲ್ಲ, ತಪ್ಪು ಮಾಡಿದವಳೂ ಇಲ್ಲ. ನಾನು ಹೆದರಲಿಲ್ಲ. ಅಷ್ಟರಲ್ಲಿ ಬಡಿದ ಸದ್ದು ಬಂತು. ಮೂರು ಸಲ, ಆಮೇಲೆ ಒಂದು ಸಲ. ನಾಲ್ಕು ಸಲವೂ ಗುಂಡಿ ಒತ್ತಿದೆ. ಗಾಜಿನ ಆ ಕಡೆ ನರ್ಸಮ್ಮ ಎರಡೂ ಕೈ ಮೇಲೆತ್ತಿ ತೋರಿಸಿದರು, ಏನೂ ಹಾಕಿಲ್ಲ ಎಂದು.

ಏನೂ ಹಾಕಿಲ್ಲ ಎಂದು ನನಗೂ ಗೊತ್ತಿತ್ತು. ಅಪ್ಪ ಬಡಿದಿಲ್ಲ ಎಂದೂ ಗೊತ್ತಿತ್ತು. ಆದರೂ ಕೇಳಿಸಿತು. ಇನ್ನು ಮುಂದೆಯೂ ಕೇಳಿಸುತ್ತದೆ, ನಿನಗೂ ಕೇಳಿಸುತ್ತದೆ. ಯಾರಿಗೆ ಕೇಳಿಸಿದ್ದು ಎಂದು ನಾವು ಜಗಳವಾಡಿದೆವು. ಬಡಿಯುತ್ತಿರುವುದು ಯಾರು ಎಂದು ಒಬ್ಬಳೂ ಕೇಳಲಿಲ್ಲ.

ಹೆಡ್‌ಫೋನ್ ತೆಗೆದಿಟ್ಟು ಎದ್ದೆ. ಗೂಡಿನ ಬಾಗಿಲಿಗೆ ಒಳಗೂ ಹಿಡಿ ಇದೆ, ಅದನ್ನು ಮುಟ್ಟಲಿಲ್ಲ. ಕೈ ಮಡಚಿ ಬಾಗಿಲು ಬಡಿದೆ. ಮೂರು ಸಲ ಬಡಿದು, ಇನ್ನೊಂದಕ್ಕೆ ಕೈ ಎತ್ತುವಷ್ಟರಲ್ಲಿ ನರ್ಸಮ್ಮ ಬಾಗಿಲು ತೆಗೆದಿದ್ದರು. "ಏನಾಯ್ತು ಮೇಡಂ, ಒಳಗೇ ಹಿಡಿ ಇದೆಯಲ್ಲ?" ಎಂದು ಕೇಳಿದರು. ಅವರ ಹೆಗಲ ಮೇಲೆ ತಲೆ ಇಟ್ಟು ನಿಂತುಬಿಟ್ಟೆ.

ಬಚ್ಚಲುಮನೆಯ ಚಪ್ಪಲಿ ತೆಗೆದುಬಿಡು. ಅಪ್ಪ ಚಿಲಕ ಹಾಕಿಕೊಳ್ಳಲಿ, ಎಷ್ಟು ಹೊತ್ತು ಬೇಕಾದರೂ ಯಾರೂ ಆಗಿರದೆ ಕೂತಿರಲಿ. ಕರೆಯಬೇಡ.

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅಪ್ಪನನ್ನು ಕರೆದುಕೊಂಡು ಹೋಗಲು ಬರುತ್ತಿದ್ದೇನೋ, ಅಲ್ಲೇ ನಾಲ್ಕು ದಿನ ಇರಲು ಬರುತ್ತಿದ್ದೇನೋ, ಇನ್ನೂ ಗೊತ್ತಿಲ್ಲ. ನಿಲ್ದಾಣಕ್ಕೆ ಬರಬೇಡ, ಮನೆ ನನಗೆ ಗೊತ್ತು. ಬಾಗಿಲು ತೆರೆದಿಡಬೇಡಿ. ನಾನು ಬಂದು ಬಡಿಯುತ್ತೇನೆ.

ಇಬ್ಬರಲ್ಲಿ ಯಾರಿಗೆ ಮೊದಲು ಕೇಳಿಸುತ್ತದೋ ಅವರು ಎದ್ದು ಬಂದು ತೆಗೆಯಿರಿ.

ಅಕ್ಕ